ಕ್ರೆಡಿಟ್ ಕಾರ್ಡ್ ಮಿತಿ ಇಳಿಕೆ: ಕಾರಣ ಕೊಡಿ, ಕಾಲಾವಕಾಶ ಕೊಡಿ

ಮಾನ್ಯ ಸಂಪಾದಕರೇ,

ಕ್ರೆಡಿಟ್ ಕಾರ್ಡಿನ ಸಾಲಮಿತಿಯನ್ನು ಏರಿಸಬೇಕಾದರೆ ಬ್ಯಾಂಕು ಗ್ರಾಹಕರ ಸ್ಪಷ್ಟ ಒಪ್ಪಿಗೆ ಪಡೆಯಬೇಕು. ಕಾರ್ಡಿಗಾಗಿ ಹಾಕಿದ ಅರ್ಜಿಯನ್ನು ತಿರಸ್ಕರಿಸಿದರೆ ಅದಕ್ಕೆ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಚಾಲ್ತಿಯಲ್ಲಿರುವ ಕಾರ್ಡನ್ನು ತಡೆಹಿಡಿದರೆ ತಕ್ಷಣವೇ, ಕಾರಣ ಸಹಿತವಾಗಿ, ಎಸ್‌ಎಂಎಸ್ ಅಥವಾ ಇ-ಮೇಲ್ ಮೂಲಕ ತಿಳಿಸಬೇಕು. ಶುಲ್ಕಗಳನ್ನು ಬದಲಿಸುವುದಾದರೆ ಕನಿಷ್ಠ ಒಂದು ತಿಂಗಳು ಮೊದಲು ಸೂಚನೆ ಕೊಡಬೇಕು. ಇವೆಲ್ಲವೂ ಭಾರತೀಯ ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರಂದು ಹೊರಡಿಸಿ ಅದೇ ವರ್ಷದ ಜುಲೈ 1ರಿಂದ ಜಾರಿಗೆ ತಂದ ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡ್ ನಿರ್ದೇಶನಗಳಲ್ಲಿ ಸ್ಪಷ್ಟವಾಗಿ ಇದ್ದವು; 2025ರ ನವೆಂಬರಿನಲ್ಲಿ ಅವುಗಳ ಬದಲಿಗೆ ಬಂದ ಕ್ರೋಡೀಕೃತ ನಿರ್ದೇಶನಗಳಲ್ಲೂ ಇವೆ. ಆದರೆ ಇರುವ ಮಿತಿಯನ್ನು ಇಳಿಸುವ ವಿಷಯ ಬಂದಾಗ ಮಾತ್ರ ಅದೇ ನಿರ್ದೇಶನ ಒಂದೇ ವಾಕ್ಯದಲ್ಲಿ ಮಾತು ಮುಗಿಸುತ್ತದೆ: ಮಿತಿ ಇಳಿಸಿದಲ್ಲಿ ಕಾರ್ಡುದಾರರಿಗೆ ತಿಳಿಸಬೇಕು. ಎಷ್ಟು ದಿನ ಮೊದಲು ಎಂಬುದಿಲ್ಲ, ಮೊದಲೋ ಆಮೇಲೋ ಎಂಬುದೂ ಇಲ್ಲ, ಕಾರಣ ಹೇಳಬೇಕೆಂಬುದಂತೂ ಇಲ್ಲವೇ ಇಲ್ಲ.

ಈ ಒಂದು ವಾಕ್ಯದ ಸಂದಿಯಲ್ಲಿ ಸಿಕ್ಕಿಕೊಂಡವರು ಎಷ್ಟು ಜನ ಎಂಬುದು ತೆರಿಗೆ ಸಲಹೆಗಾರನಾದ ನನಗೆ ಕಚೇರಿಯಲ್ಲಿ ಕೂತಲ್ಲಿಯೇ ಗೊತ್ತಾಗುತ್ತದೆ. ರಿಟರ್ನ್ಸ್ ಸಲ್ಲಿಸಲು ಬರುವ ನೌಕರರು, ಸಣ್ಣ ವ್ಯಾಪಾರಿಗಳು ಕೊನೆಗೆ ಮೊಬೈಲು ತೆಗೆದು, ‘ಸರ್, ಇದೇನಂತ ಸ್ವಲ್ಪ ನೋಡ್ರಿ’ ಎಂದು ಬ್ಯಾಂಕಿನ ಸಂದೇಶ ತೋರಿಸುವುದು ಈಚೆಗೆ ಸಾಮಾನ್ಯವಾಗಿದೆ. ಧಾರವಾಡ ಜಿಲ್ಲೆಯ ಪ್ರೌಢಶಾಲೆಯೊಂದರ ಶಿಕ್ಷಕಿಯೊಬ್ಬರ ಪ್ರಕರಣವನ್ನೇ ಹೇಳುತ್ತೇನೆ. ಅವರ ಕಾರ್ಡಿನ ಮಿತಿ 3 ಲಕ್ಷ ರೂಪಾಯಿ ಇತ್ತು. ಒಂದು ಕಂತನ್ನೂ ತಪ್ಪಿಸಿದವರಲ್ಲ. ಅತ್ತೆಯವರ ಮಂಡಿಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಲು ಕಾರ್ಡು ಕೊಟ್ಟಾಗ ಯಂತ್ರ ‘ಡಿಕ್ಲೈನ್ಡ್’ ಎಂದಿತು. ಪಿನ್ ತಪ್ಪಿರಬಹುದೆಂದು ಕೌಂಟರಿನವರು ಮತ್ತೆ ಒತ್ತಿಸಿದರು, ಮತ್ತೆ ಅದೇ. ಸಾಲಿನಲ್ಲಿ ಹಿಂದೆ ನಿಂತವರ ಗೊಣಗಾಟದ ನಡುವೆ ಅವರು ಅಣ್ಣನಿಗೆ ಫೋನು ಮಾಡಿ ಹಣ ತರಿಸಿಕೊಂಡರು. ಮಿತಿಯನ್ನು 80 ಸಾವಿರಕ್ಕೆ ಇಳಿಸಲಾಗಿದೆ ಎಂಬ ಸಂದೇಶ ಬಂದದ್ದು ಅದೇ ದಿನ ಸಂಜೆ, ಇಂಗ್ಲಿಷಿನಲ್ಲಿ. ಕಸ್ಟಮರ್ ಕೇರಿಗೆ ಕರೆ ಮಾಡಿದರೆ ಸಿಕ್ಕ ಉತ್ತರ, ‘ಇದು ಬ್ಯಾಂಕಿನ ಆಂತರಿಕ ನೀತಿ, ಕಾರಣ ಹೇಳಲು ಬರುವುದಿಲ್ಲ’. ನಿಯಮದ ಅಕ್ಷರ ನೋಡಿದರೆ ಬ್ಯಾಂಕು ‘ತಿಳಿಸಿದೆ’. ಆ ಶಿಕ್ಷಕಿಗೆ ಆ ತಿಳಿವಳಿಕೆಯಿಂದ ಆದ ಉಪಯೋಗವೇನು ಎಂಬುದನ್ನು ಓದುಗರೇ ನಿರ್ಧರಿಸಲಿ.

ಮಿತಿ ಇಳಿಸುವ ಅಧಿಕಾರವೇ ಬ್ಯಾಂಕಿಗೆ ಇರಬಾರದೆಂದು ನಾನು ವಾದಿಸುತ್ತಿಲ್ಲ. ಕ್ರೆಡಿಟ್ ಕಾರ್ಡು ಅಡಮಾನವಿಲ್ಲದ ಸಾಲ. ಕೊಟ್ಟ ಹಣ ಮರಳಿ ಬಾರದಿದ್ದರೆ ನಷ್ಟ ಬ್ಯಾಂಕಿನದು. ಗ್ರಾಹಕರ ಆದಾಯ ಇಳಿದಿರಬಹುದು, ಬೇರೆಡೆ ಸಾಲ ಹೆಚ್ಚಿರಬಹುದು, ಇನ್ನೊಂದು ಬ್ಯಾಂಕಿನ ಕಂತು ತಪ್ಪಿರಬಹುದು, ತಿಂಗಳುಗಟ್ಟಲೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಬಂದಿರಬಹುದು, ಅಥವಾ ಕಾರ್ಡನ್ನು ಮುಟ್ಟದೆಯೇ ವರ್ಷ ಕಳೆದಿರಬಹುದು. ಕೆಲವೊಮ್ಮೆ ಕಾರಣಕ್ಕೂ ಗ್ರಾಹಕರಿಗೂ ಸಂಬಂಧವೇ ಇರುವುದಿಲ್ಲ. 2023ರ ನವೆಂಬರ್ 16ರಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಬಾಕಿಗಳ ಅಪಾಯ ತೂಕವನ್ನು ಶೇ 125ರಿಂದ ಶೇ 150ಕ್ಕೆ ಏರಿಸಿತು. ಅಂದರೆ ಅದೇ ಸಾಲಕ್ಕೆ ಬ್ಯಾಂಕು ಹೆಚ್ಚು ಬಂಡವಾಳವನ್ನು ತೆಗೆದಿರಿಸಬೇಕಾಯಿತು. ಅಂಥ ಸಂದರ್ಭದಲ್ಲಿ ಬ್ಯಾಂಕುಗಳು ಕಾರ್ಡ್ ವ್ಯವಹಾರವನ್ನು ಬಿಗಿ ಮಾಡುವುದು ಸಹಜ. 2020ರ ಲಾಕ್‌ಡೌನ್ ಸಮಯದಲ್ಲಿಯೂ ಕೆಲವು ಬ್ಯಾಂಕುಗಳು ಸಾವಿರಾರು ಗ್ರಾಹಕರ ಮಿತಿಯನ್ನು ಒಟ್ಟೊಟ್ಟಿಗೆ ಇಳಿಸಿದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಜನರ ಕೈಯಲ್ಲಿ ಹಣವಿಲ್ಲದ ಹೊತ್ತಿನಲ್ಲೇ ಅವರ ಕಾರ್ಡೂ ಕಿರಿದಾಗಿತ್ತು. ಬ್ಯಾಂಕಿಗೆ ತನ್ನ ಲೆಕ್ಕಾಚಾರ ಇರಲಿ. ಆ ಲೆಕ್ಕಾಚಾರದ ಫಲವನ್ನು ಉಣ್ಣಬೇಕಾದವರಿಗೆ ಮುಂಚಿತವಾಗಿ, ಕಾರಣ ಸಹಿತ ಹೇಳಲು ಏನು ಅಡ್ಡಿ ಎಂಬುದಷ್ಟೇ ನನ್ನ ಪ್ರಶ್ನೆ.

ಮಿತಿ ಇಳಿದರೆ ಖರ್ಚು ಕಡಿಮೆಯಾಗುತ್ತದೆ, ಅದು ಒಳ್ಳೆಯದೇ ಅಲ್ಲವೇ ಎಂದು ಹಲವರು ಕೇಳುತ್ತಾರೆ. ಪೆಟ್ಟು ಬೀಳುವುದು ಖರ್ಚಿನ ಮೇಲಲ್ಲ, ಸಾಲದ ಅಂಕದ ಮೇಲೆ. ಜನರು ಸಿಬಿಲ್ ಸ್ಕೋರ್ ಎಂದು ಕರೆಯುವ, 300ರಿಂದ 900ರವರೆಗಿನ ಈ ಅಂಕವನ್ನು ಲೆಕ್ಕ ಹಾಕುವಾಗ, ಲಭ್ಯವಿರುವ ಮಿತಿಯಲ್ಲಿ ಎಷ್ಟು ಭಾಗವನ್ನು ಬಳಸಲಾಗಿದೆ ಎಂಬುದನ್ನೂ ಪರಿಗಣಿಸಲಾಗುತ್ತದೆ. ಮೇಲೆ ಹೇಳಿದ ಶಿಕ್ಷಕಿಯ ಬಾಕಿ, ವಾಷಿಂಗ್ ಮಷಿನ್ನಿನ ಉಳಿದ ಇಎಂಐ ಸೇರಿ, 72 ಸಾವಿರ ರೂಪಾಯಿ ಇತ್ತು. 3 ಲಕ್ಷದ ಮಿತಿಯಲ್ಲಿ ಅದು ಶೇ 24. ಮಿತಿ 80 ಸಾವಿರಕ್ಕೆ ಇಳಿದ ಕ್ಷಣದಲ್ಲಿ ಅದೇ 72 ಸಾವಿರ ಶೇ 90 ಆಯಿತು. ಅವರು ಒಂದು ರೂಪಾಯಿಯನ್ನೂ ಹೆಚ್ಚು ಖರ್ಚು ಮಾಡಿಲ್ಲ, ಒಂದು ದಿನವೂ ತಡ ಮಾಡಿಲ್ಲ. ಆದರೂ ಕಾಗದದ ಮೇಲೆ ಅವರು ಸಾಲದಲ್ಲಿ ಕುತ್ತಿಗೆಯವರೆಗೆ ಮುಳುಗಿದವರಂತೆ ಕಾಣತೊಡಗಿದರು. ಇದನ್ನು ನೋಡಿ ಎರಡನೆಯ ಬ್ಯಾಂಕು ತನ್ನ ಕಾರ್ಡಿನ ಮಿತಿಯನ್ನೂ ಇಳಿಸಿದರೆ ಆಶ್ಚರ್ಯವಿಲ್ಲ. ಮುಂದಿನ ವರ್ಷ ಮನೆ ಸಾಲಕ್ಕೆ ಅರ್ಜಿ ಹಾಕುವವರಿಗೆ ಇದರ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಒಂದು ತೊಡಕಿದೆ; ಅದು ಸ್ಟೇಟ್‌ಮೆಂಟನ್ನು ಸಾಲುಸಾಲಾಗಿ ಓದುವವರಿಗಷ್ಟೇ ಕಾಣುತ್ತದೆ. ಹಲವು ಬ್ಯಾಂಕುಗಳ ನಿಯಮಗಳ ಪ್ರಕಾರ, ಬಾಕಿಯು ಮಿತಿಯನ್ನು ಮೀರಿದ್ದರೆ ಮೀರಿದ ಮೊತ್ತ ಪೂರ್ತಿಯಾಗಿ ಆ ತಿಂಗಳ ‘ಕನಿಷ್ಠ ಪಾವತಿ ಮೊತ್ತ’ಕ್ಕೆ ಸೇರಿಕೊಳ್ಳುತ್ತದೆ. ಒಬ್ಬರ ಬಾಕಿ 1 ಲಕ್ಷ 20 ಸಾವಿರ ಇದೆ, ಮಿತಿಯನ್ನು 80 ಸಾವಿರಕ್ಕೆ ಇಳಿಸಲಾಯಿತು ಎಂದುಕೊಳ್ಳಿ. ಆರೇಳು ಸಾವಿರದಷ್ಟಿರಬೇಕಾಗಿದ್ದ ಕನಿಷ್ಠ ಮೊತ್ತ ಒಮ್ಮೆಲೇ 40 ಸಾವಿರವನ್ನು ದಾಟಬಹುದು. ಅದನ್ನು ಕಟ್ಟಲಾಗದಿದ್ದರೆ ತಡಪಾವತಿ ಶುಲ್ಕ ಬೀಳುತ್ತದೆ, ಜನರ ಸಾಲ ಮತ್ತು ಮರುಪಾವತಿಯ ಲೆಕ್ಕವಿಡುವ ಸಾಲ ಮಾಹಿತಿ ಸಂಸ್ಥೆಗಳ ದಾಖಲೆಯಲ್ಲಿ ‘ಬಾಕಿದಾರ’ ಎಂಬ ಗುರುತೂ ಬೀಳುತ್ತದೆ. ಗಡುವು ಮೀರಿ ಮೂರು ದಿನಕ್ಕಿಂತ ಹೆಚ್ಚು ಕಳೆದ ಮೇಲಷ್ಟೇ ದಂಡ ಹಾಕಬೇಕು, ದಾಖಲೆಗೆ ವರದಿ ಮಾಡಬೇಕು ಎಂದು ರಿಸರ್ವ್ ಬ್ಯಾಂಕು ಹೇಳಿದೆ ನಿಜ. ಆದರೆ ಮೂರು ದಿನದಲ್ಲಿ 40 ಸಾವಿರ ಹೊಂದಿಸುವುದು ಸಂಬಳದಾರರಿಗೆ ಸುಲಭದ ಮಾತಲ್ಲ. ಮಿತಿ ಮೀರಿದ್ದಕ್ಕೆ ಪ್ರತ್ಯೇಕ ಶುಲ್ಕವನ್ನೂ ಸೇರಿಸಿದರೆ ಅದಂತೂ ಅನ್ಯಾಯವೇ. ಕಾರ್ಡುದಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಮಿತಿಯನ್ನು ಮೀರಲು ಬಿಡಕೂಡದು ಎಂಬ ನಿಯಮ 2022ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇಲ್ಲಿ ಗ್ರಾಹಕರು ಮಿತಿಯನ್ನು ಮೀರಿಯೇ ಇಲ್ಲ; ಅವರು ಖರ್ಚು ಮಾಡಿ ಮುಗಿಸಿದ ಮೇಲೆ ಬ್ಯಾಂಕೇ ಮಿತಿಯನ್ನು ಅವರ ಬಾಕಿಗಿಂತ ಕೆಳಕ್ಕೆ ತಂದಿದೆ. ಒಪ್ಪಿಗೆಯ ನಿಯಮದ ಆಶಯಕ್ಕೆ ಇಂಥ ಶುಲ್ಕ ನೇರವಾಗಿ ವಿರುದ್ಧವಾದದ್ದು ಎಂಬುದು ನನ್ನ ಅಭಿಪ್ರಾಯ. ಅಂಥ ಶುಲ್ಕ ಬಿದ್ದವರು ಸುಮ್ಮನೆ ಕಟ್ಟದೆ, ಬರಹದಲ್ಲಿ ಪ್ರಶ್ನಿಸಬೇಕು.

ಕಾರ್ಡಿನಿಂದ ಪ್ರತಿ ತಿಂಗಳು ತಾನಾಗಿಯೇ ಕಡಿತವಾಗುವ ಪಾವತಿಗಳ ಕಥೆಯೂ ಇದೇ. ವಿಮೆಯ ಪ್ರೀಮಿಯಂ, ಮೊಬೈಲ್ ಬಿಲ್, ಇಂಟರ್‌ನೆಟ್ ಬಿಲ್ಲುಗಳನ್ನು ಕಾರ್ಡಿಗೆ ಜೋಡಿಸಿಟ್ಟವರು ಬಹಳ ಮಂದಿ ಇದ್ದಾರೆ. ಹೀಗೆ ತಾನಾಗಿಯೇ ಕಡಿತವಾಗುವ ಒಂದು ಸಣ್ಣ ಚಂದಾ ಹಣಕ್ಕೂ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕೇ ಕಡ್ಡಾಯ ಮಾಡಿದೆ. ಇನ್ನೂರು ರೂಪಾಯಿಯ ಕಡಿತಕ್ಕೆ ಒಂದು ದಿನದ ಮುನ್ಸೂಚನೆ ಬೇಕು, 2 ಲಕ್ಷ 20 ಸಾವಿರದಷ್ಟು ಮಿತಿಯನ್ನು ಕತ್ತರಿಸಲು ಒಂದು ಗಂಟೆಯ ಮುನ್ಸೂಚನೆಯೂ ಬೇಡ ಎಂಬುದನ್ನು ಯಾವ ತರ್ಕದಿಂದ ಸಮರ್ಥಿಸುವುದು? ಮೇಲೆ ಹೇಳಿದ ಕಾರ್ಡ್ ನಿರ್ದೇಶನ ಮುಖ್ಯ ನಿಯಮ–ಷರತ್ತುಗಳನ್ನು ಕನಿಷ್ಠ ಏರಿಯಲ್–12 ಗಾತ್ರದ ಅಕ್ಷರದಲ್ಲಿ ಮುದ್ರಿಸಬೇಕೆಂದು ಹೇಳುವಷ್ಟು ಸೂಕ್ಷ್ಮಕ್ಕೆ ಇಳಿದಿದೆ. ಅಕ್ಷರದ ಗಾತ್ರವನ್ನು ಅಳೆದವರು ದಿನಗಳನ್ನು ಅಳೆಯಲು ಮರೆತದ್ದು ಸೋಜಿಗ.

ಮುನ್ಸೂಚನೆಯ ವಿರುದ್ಧ ಬ್ಯಾಂಕಿನವರು ಹೇಳುವ ಮಾತಿನಲ್ಲಿ ತಥ್ಯವಿಲ್ಲದೆ ಇಲ್ಲ. ‘ಮುಂದಿನ ತಿಂಗಳು ನಿಮ್ಮ ಮಿತಿ ಇಳಿಸುತ್ತೇವೆ ಎಂದು ಮೊದಲೇ ಹೇಳಿದರೆ, ಮರುಪಾವತಿಯ ಮನಸ್ಸಿಲ್ಲದವರು ಅಷ್ಟರೊಳಗೆ ಮಿತಿಯನ್ನೆಲ್ಲ ಖಾಲಿ ಮಾಡಿಬಿಡುತ್ತಾರೆ’ ಎನ್ನುತ್ತಾರೆ ಅವರು. ಬ್ಯಾಂಕಿನಲ್ಲಿ ದುಡಿದ ನನ್ನ ಕೆಲವು ಸ್ನೇಹಿತರೂ ಇದನ್ನೇ ಹೇಳಿದ್ದಾರೆ, ಮತ್ತು ಕಂತು ತಪ್ಪಿಸಿದವರ, ವಂಚನೆಯ ಶಂಕೆಯಿರುವ ಖಾತೆಗಳ ವಿಷಯದಲ್ಲಿ ನಾನು ಇದನ್ನು ಒಪ್ಪುತ್ತೇನೆ. ಆದರೆ ಆ ಭಯವನ್ನು ಮುಂದಿಟ್ಟುಕೊಂಡು, ನಿಯತ್ತಾಗಿ ಕಟ್ಟುತ್ತಾ ಬಂದವರನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಇವರಿಬ್ಬರ ನಡುವಿನ ವ್ಯತ್ಯಾಸ ಬ್ಯಾಂಕಿನ ಕಂಪ್ಯೂಟರಿಗೆ ಚೆನ್ನಾಗಿ ಗೊತ್ತಿರುತ್ತದೆ; ಗೊತ್ತಿರುವುದರಿಂದಲೇ ಒಬ್ಬರಿಗೆ ವಾರಕ್ಕೊಮ್ಮೆ ‘ಮಿತಿ ಹೆಚ್ಚಿಸಿಕೊಳ್ಳಿ’ ಎಂಬ ಕರೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ.

ಅಮೆರಿಕದಲ್ಲಿ ಈ ಗಂಟನ್ನು ಬಿಡಿಸಿದ ರೀತಿ ನೋಡತಕ್ಕದ್ದು. ಅಲ್ಲಿಯೂ ಬ್ಯಾಂಕು ಮಿತಿಯನ್ನು ತಕ್ಷಣವೇ ಇಳಿಸಬಹುದು. ಆದರೆ ಇಳಿಸಿದ ಮಿತಿಯನ್ನು ಬಾಕಿ ಮೀರಿತೆಂಬ ಒಂದೇ ಕಾರಣಕ್ಕೆ ಶುಲ್ಕವನ್ನಾಗಲಿ ದಂಡದ ಬಡ್ಡಿಯನ್ನಾಗಲಿ ಹಾಕಬೇಕಾದರೆ 45 ದಿನ ಮೊದಲು ನೋಟಿಸು ಕೊಟ್ಟಿರಬೇಕು. ಜೊತೆಗೆ, ಸಮಾನ ಸಾಲಾವಕಾಶ ಕಾನೂನಿನ ನಿಯಮಗಳ ಪ್ರಕಾರ, ಒಬ್ಬ ಗ್ರಾಹಕನ ಖಾತೆಯ ಷರತ್ತುಗಳನ್ನು ಅವನಿಗೆ ಪ್ರತಿಕೂಲವಾಗಿ ಬದಲಿಸಿದರೆ 30 ದಿನದೊಳಗೆ ಅವನಿಗೆ ತಿಳಿಸಿ, ನಿರ್ದಿಷ್ಟ ಕಾರಣಗಳನ್ನು ಕೊಡಬೇಕು, ಇಲ್ಲವೇ ಕಾರಣ ಕೇಳುವ ಹಕ್ಕು ಅವನಿಗಿದೆಯೆಂದಾದರೂ ಹೇಳಬೇಕು. ಈಗಾಗಲೇ ಬಾಕಿ ತಪ್ಪಿಸಿರುವ ಅಥವಾ ಬಳಕೆಯಲ್ಲಿಲ್ಲದ ಖಾತೆಗಳಿಗೆ ಇದು ಅನ್ವಯಿಸುವುದಿಲ್ಲ. ಬ್ಯಾಂಕಿನವರ ಭಯಕ್ಕೆ ಅಲ್ಲಿಯೇ ಉತ್ತರವಿದೆ. ‘ನಮ್ಮ ಆಂತರಿಕ ನೀತಿಯಂತೆ’ ಎಂಬ ಉತ್ತರ ಕಾರಣವೆನಿಸುವುದಿಲ್ಲ ಎಂದು ಆ ನಿಯಮದಲ್ಲಿ ಬಿಡಿಸಿ ಬರೆದಿದ್ದಾರೆ. ನಮ್ಮ ಶಿಕ್ಷಕಿಗೆ ಸಿಕ್ಕಿದ್ದು ನಿಖರವಾಗಿ ಆ ಉತ್ತರವೇ.

ಹಾಗೆಂದು ಈಗಿರುವ ನಿಯಮಗಳಲ್ಲಿ ಗ್ರಾಹಕರಿಗೆ ಏನೂ ಇಲ್ಲವೆಂದಲ್ಲ. ಇರುವುದನ್ನು ಬಳಸುವ ಕ್ರಮ ಗೊತ್ತಿರಬೇಕು, ಅಷ್ಟೆ. ಮಿತಿ ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಕಸ್ಟಮರ್ ಕೇರಿನೊಂದಿಗೆ ಜಗಳವಲ್ಲ, ತಮ್ಮ ಸಾಲ ಮಾಹಿತಿ ವರದಿಯನ್ನು ತರಿಸಿಕೊಳ್ಳುವುದು. ದೇಶದಲ್ಲಿ ಇಂಥ ವರದಿ ಕೊಡುವ ನಾಲ್ಕು ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಹೆಸರು ಹೋಲುವ ಬೇರೆ ಯಾರದೋ ಸಾಲ ನಮ್ಮ ಪ್ಯಾನ್ ಸಂಖ್ಯೆಗೆ ಅಂಟಿಕೊಂಡಿರುವುದು, ಎಂದೋ ತೀರಿಸಿದ ಬೈಕಿನ ಸಾಲ ಇನ್ನೂ ‘ಚಾಲ್ತಿ’ ಎಂದಿರುವುದು, ಇವು ನಾನು ಮತ್ತೆ ಮತ್ತೆ ಕಂಡ ತಪ್ಪುಗಳು. ಬ್ಯಾಂಕು ಮಿತಿ ಇಳಿಸಲು ಅಂಥ ತಪ್ಪೇ ಕಾರಣವಾಗಿರಬಹುದು. ತಪ್ಪಿದ್ದರೆ ಆ ಸಂಸ್ಥೆಗೂ ಸಂಬಂಧಿಸಿದ ಬ್ಯಾಂಕಿಗೂ ದೂರು ಕೊಡಬೇಕು. 30 ದಿನದೊಳಗೆ ದೂರು ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ಆದೇಶ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಮೊತ್ತ ಸಣ್ಣದು, ಆದರೆ ಅದನ್ನು ಕೇಳಿ ಬರೆದ ಪತ್ರಕ್ಕೆ ಉತ್ತರ ಬೇಗ ಬರುತ್ತದೆ ಎಂಬುದು ನನ್ನ ಅನುಭವ.

ವರದಿಯಲ್ಲಿ ತಪ್ಪಿಲ್ಲದಿದ್ದರೆ ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಇ-ಮೇಲಿನಲ್ಲೋ ನೋಂದಾಯಿತ ಅಂಚೆಯಲ್ಲೋ ಬರೆಯಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿಯಿರುವುದಿಲ್ಲ. ಮಿತಿ ಯಾವ ದಿನ ಇಳಿಯಿತು, ಸಂದೇಶ ಯಾವ ದಿನ, ಎಷ್ಟು ಗಂಟೆಗೆ ಬಂತು, ನಡುವೆ ಯಾವ ವಹಿವಾಟು ತಿರಸ್ಕೃತವಾಯಿತು, ಅದರಿಂದ ಯಾವ ದಂಡ ಅಥವಾ ನಷ್ಟವಾಯಿತು ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಸಂದೇಶವೇ ಬಂದಿಲ್ಲವಾದರೆ ಅದು ನೇರವಾಗಿ ನಿರ್ದೇಶನದ ಉಲ್ಲಂಘನೆ. ಮಿತಿ ಇಳಿಸುವ ಜೊತೆಗೆ ಕಾರ್ಡನ್ನೇ ತಡೆಹಿಡಿದಿದ್ದರೆ ಅಥವಾ ಲೌಂಜ್ ಪ್ರವೇಶದಂಥ ಸೌಲಭ್ಯಗಳನ್ನು ಹಿಂತೆಗೆದುಕೊಂಡಿದ್ದರೆ ಕಾರಣ ಹೇಳುವುದು ಕಡ್ಡಾಯ ಎಂಬುದನ್ನು ಪತ್ರದಲ್ಲಿ ನೆನಪಿಸಬೇಕು. ದೊಡ್ಡ ಬ್ಯಾಂಕುಗಳಲ್ಲಿ ಆಂತರಿಕ ಒಂಬುಡ್ಸ್‌ಮನ್ ಎಂಬ ಸ್ವತಂತ್ರ ಅಧಿಕಾರಿ ಇರುತ್ತಾರೆ. ದೂರನ್ನು ಪೂರ್ಣವಾಗಿಯೋ ಭಾಗಶಃವೋ ತಳ್ಳಿಹಾಕುವ ಮೊದಲು ಬ್ಯಾಂಕು ಅದನ್ನು ಅವರ ಮುಂದೆ ಇಡಬೇಕು. ‘ನನ್ನ ದೂರು ಆಂತರಿಕ ಒಂಬುಡ್ಸ್‌ಮನ್ ಅವರ ಪರಿಶೀಲನೆಗೆ ಹೋಗಿದೆಯೇ ತಿಳಿಸಿ’ ಎಂಬ ಒಂದು ಸಾಲು ಸೇರಿಸಿದರೆ, ಎಲ್ಲರಿಗೂ ಕಳಿಸುವ ಸಿದ್ಧ ಉತ್ತರವನ್ನು ಕಳಿಸಲು ಅವರು ಸ್ವಲ್ಪ ಹಿಂಜರಿಯುತ್ತಾರೆ.

30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. 2021ರ ನವೆಂಬರ್ 12ರಂದು ಆರಂಭವಾದ ಸಮಗ್ರ ಒಂಬುಡ್ಸ್‌ಮನ್ ಯೋಜನೆ ‘ಒಂದು ದೇಶ, ಒಂದು ಒಂಬುಡ್ಸ್‌ಮನ್’ ಎಂಬ ತತ್ವದ ಮೇಲೆ ನಿಂತಿದೆ. ಹುಬ್ಬಳ್ಳಿಯವರು ಯಾವ ಊರಿನ ಕಚೇರಿಗೆ ಹೋಗಬೇಕೆಂದು ಹುಡುಕಬೇಕಾಗಿಲ್ಲ. ದೂರನ್ನು ಆನ್‌ಲೈನಿನಲ್ಲಿ ಶುಲ್ಕವಿಲ್ಲದೆ ಸಲ್ಲಿಸಬಹುದು, ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾಹಿತಿ ಸಿಗುತ್ತದೆ. ವಕೀಲರು ಬೇಕಿಲ್ಲ.

ಆದರೆ ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಬ್ಯಾಂಕಿನ ವಾಣಿಜ್ಯ ತೀರ್ಮಾನಗಳ ವಿಷಯದಲ್ಲಿ ದೂರನ್ನು ಸ್ವೀಕರಿಸುವುದಿಲ್ಲ ಎಂದು ಆ ಯೋಜನೆಯಲ್ಲೇ ಹೇಳಿದೆ. ಯಾರಿಗೆ ಎಷ್ಟು ಸಾಲ ಕೊಡಬೇಕೆಂಬುದು ವಾಣಿಜ್ಯ ತೀರ್ಮಾನವಲ್ಲದೆ ಮತ್ತೇನು? ಆದ್ದರಿಂದ ‘ನನ್ನ ಮಿತಿಯನ್ನು ಮತ್ತೆ 3 ಲಕ್ಷಕ್ಕೆ ಏರಿಸಿಕೊಡಿ’ ಎಂದು ಬರೆದ ದೂರು ಬಾಗಿಲಲ್ಲೇ ವಾಪಸಾಗುವ ಸಂಭವವಿದೆ. ‘ನನಗೆ ತಿಳಿಸದೆ ಮಿತಿ ಇಳಿಸಿದರು, ಅದರಿಂದ ಪ್ರೀಮಿಯಂ ಪಾವತಿ ತಪ್ಪಿತು, ಇಂತಿಷ್ಟು ದಂಡ ಬಿತ್ತು, ಒಪ್ಪಿಗೆಯಿಲ್ಲದೆ ಮಿತಿಮೀರಿದ ಶುಲ್ಕ ಹಾಕಿದರು, ಅದನ್ನು ಹಿಂತಿರುಗಿಸಿ’ ಎಂದು ಬರೆದರೆ ಅದು ಸೇವಾ ನ್ಯೂನತೆಯ ದೂರಾಗುತ್ತದೆ. ವಿಷಯ ಎರಡರಲ್ಲೂ ಒಂದೇ, ಕೇಳುವ ಪರಿಹಾರ ಬೇರೆ. ದೂರು ಬರೆಯುವ ಮೊದಲು ಈ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಗ್ರಾಹಕ ಆಯೋಗದ ದಾರಿಯೂ ತೆರೆದಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬ್ಯಾಂಕಿಂಗ್ ಸ್ಪಷ್ಟವಾಗಿಯೇ ‘ಸೇವೆ’ಯಾಗಿದೆ. ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಬ್ಯಾಂಕಿನ ಮುಖ್ಯ ಕಚೇರಿ ಮುಂಬೈಯಲ್ಲಿದೆ ಎಂಬ ನೆಪ ನಡೆಯುವುದಿಲ್ಲ. ಸೇವೆಗಾಗಿ ಕೊಟ್ಟ ಪ್ರತಿಫಲ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಅಂಗಡಿಯ ಸರಕನ್ನು ಸ್ವಂತ ಕಾರ್ಡಿನಲ್ಲಿ ಖರೀದಿಸುವವರು ಒಂದು ವಿಷಯ ಗಮನಿಸಬೇಕು: ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಸ್ವಂತ ದುಡಿಮೆಯಿಂದ ಜೀವನೋಪಾಯ ಸಾಗಿಸುವವರಿಗೆ ಮಾತ್ರ ವಿನಾಯಿತಿಯಿದೆ. ಆ ವಿನಾಯಿತಿ ತಮಗೆ ಅನ್ವಯಿಸುತ್ತದೆ ಎಂಬುದನ್ನು ದೂರಿನಲ್ಲಿಯೇ ಹೇಳಿಬಿಡುವುದು ಕ್ಷೇಮ.

ಇದೇ ಕಾಯ್ದೆಯ 2(46)ನೇ ಕಲಮು ‘ಅನ್ಯಾಯದ ಒಪ್ಪಂದ’ ಎಂದರೇನೆಂದು ವಿವರಿಸುತ್ತದೆ. ಯುಕ್ತ ಕಾರಣವಿಲ್ಲದೆ ಒಂದೇ ಪಕ್ಷ ಒಪ್ಪಂದವನ್ನು ಕೊನೆಗೊಳಿಸಬಹುದಾದ ಷರತ್ತು, ಗ್ರಾಹಕರನ್ನು ಅನನುಕೂಲಕ್ಕೆ ತಳ್ಳುವ ಅಯುಕ್ತ ಶುಲ್ಕ ಅಥವಾ ಹೊಣೆ, ಇವು ಆ ಪಟ್ಟಿಯಲ್ಲಿವೆ. ‘ಯಾವ ಸಮಯದಲ್ಲಾದರೂ, ಯಾವ ಕಾರಣವನ್ನೂ ನೀಡದೆ, ತನ್ನ ವಿವೇಚನೆಯಂತೆ’ ಮಿತಿಯನ್ನು ಬದಲಿಸುವ ಹಕ್ಕನ್ನು ಕಾಯ್ದಿರಿಸಿಕೊಂಡ ಕಾರ್ಡ್ ಒಪ್ಪಂದಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ. ಇಂಥ ಪ್ರಕರಣವನ್ನು ಜಿಲ್ಲಾ ಆಯೋಗ ವಿಚಾರಿಸುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಒಬ್ಬಿಬ್ಬರು ಕಾರ್ಡುದಾರರಿಗೆ ಇದು ಭಾರವಾದ ಕೆಲಸ. ಬಳಕೆದಾರರ ಸಂಘಟನೆಗಳು ಕೈಗೆತ್ತಿಕೊಂಡರೆ ಸೂಕ್ತ.

ನ್ಯಾಯಾಲಯಗಳ ಮೇಲೆಯೇ ಭರವಸೆಯಿಟ್ಟು ಕೂರುವಂತಿಲ್ಲ ಎಂಬುದನ್ನೂ ಹೇಳಬೇಕು. ಕ್ರೆಡಿಟ್ ಕಾರ್ಡ್ ಬಾಕಿಯ ಮೇಲೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದುಪಡಿಸಿತು. ಬಡ್ಡಿದರದ ವಿಷಯ ರಿಸರ್ವ್ ಬ್ಯಾಂಕಿನ ಕ್ಷೇತ್ರಕ್ಕೆ ಸೇರಿದ್ದು, ಆಯೋಗ ಅದರೊಳಗೆ ಕೈಹಾಕುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ತೀರ್ಪು ಬಡ್ಡಿಗೆ ಸಂಬಂಧಿಸಿದ್ದಾದರೂ ಬ್ಯಾಂಕುಗಳ ವಕೀಲರು ಅದನ್ನು ಸಾಲಮಿತಿಯ ಪ್ರಕರಣಗಳಲ್ಲೂ ಮುಂದಿಡುವುದು ಖಚಿತ. ಹೀಗಾಗಿ ಗ್ರಾಹಕರ ರಕ್ಷಣೆ ನಿಯಮದಲ್ಲೇ ಬರೆದಿರಬೇಕು, ಮತ್ತು ಬರೆಯಬೇಕಾದದ್ದು ರಿಸರ್ವ್ ಬ್ಯಾಂಕು.

ಬರೆಯಬೇಕಾದದ್ದು ಹೆಚ್ಚೇನೂ ಇಲ್ಲ. ಸರಿಯಾಗಿ ಪಾವತಿಸುತ್ತಿರುವ ಕಾರ್ಡುದಾರರ ಮಿತಿ ಇಳಿಸುವುದಾದರೆ, ಶುಲ್ಕ ಬದಲಾವಣೆಗೆ ಇರುವಂತೆಯೇ ಒಂದು ತಿಂಗಳ ಮುನ್ಸೂಚನೆ ಇರಲಿ. ಬಾಕಿ ತಪ್ಪಿಸಿದವರ, ವಂಚನೆಯ ಶಂಕೆಯಿರುವವರ ಮಿತಿಯನ್ನು ಬ್ಯಾಂಕು ತಕ್ಷಣವೇ ಇಳಿಸಿಕೊಳ್ಳಲಿ, ಆದರೆ ಕಾರ್ಡು ತಡೆಹಿಡಿದಾಗಿನಂತೆ ಅದೇ ಕ್ಷಣದಲ್ಲಿ ಕಾರಣ ಸಹಿತ ತಿಳಿಸಲಿ. ಎರಡೂ ಸಂದರ್ಭದಲ್ಲಿ, ಹೊಸ ಮಿತಿಯನ್ನು ಹಳೆಯ ಬಾಕಿ ಮೀರಿದ್ದರೆ ಮೀರಿದ ಮೊತ್ತವನ್ನು ಕನಿಷ್ಠ ಪಾವತಿಗೆ ಸೇರಿಸದೆ, ಮಾಮೂಲಿನ ಕಂತಿನಂತೆಯೇ ತೀರಿಸಲು ಅವಕಾಶ ಕೊಡಲಿ. ಸಾಲ ಮಾಹಿತಿ ವರದಿಯ ಆಧಾರದ ಮೇಲೆ ಇಳಿಸಿದ್ದರೆ ಯಾವ ಸಂಸ್ಥೆಯ ವರದಿ ಎಂದು ಹೆಸರಿಸಲಿ. ತಪ್ಪಿದ್ದರೆ ಸರಿಪಡಿಸಿಕೊಳ್ಳಲು ಅದೊಂದೇ ದಾರಿ.

ಮಿತಿ ಇಳಿದು ಬೇಸತ್ತವರು ಸಿಟ್ಟಿನಲ್ಲಿ ಕಾರ್ಡನ್ನೇ ಮುಚ್ಚಿಸಲು ಹೊರಡುತ್ತಾರೆ. ಆ ಹಕ್ಕೂ ಇದೆ: ಬಾಕಿಯೆಲ್ಲ ತೀರಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ದಂಡವನ್ನು ಬ್ಯಾಂಕು ಗ್ರಾಹಕರಿಗೆ ಕೊಡಬೇಕು. ಆದರೆ ಇನ್ನೊಂದು ಕಾರ್ಡಿನಲ್ಲಿ ಬಾಕಿ ಇರುವವರು ಇದನ್ನು ಮುಚ್ಚಿದರೆ ಒಟ್ಟು ಮಿತಿ ಇನ್ನಷ್ಟು ಕುಗ್ಗಿ, ಮೇಲೆ ಹೇಳಿದ ಬಳಕೆಯ ಪ್ರಮಾಣ ಮತ್ತಷ್ಟು ಏರುತ್ತದೆ. ಮೊದಲು ಆ ಬಾಕಿಯನ್ನು ಇಳಿಸಿಕೊಂಡು ಆಮೇಲೆ ಮುಚ್ಚುವುದು ಲೇಸು.

ಕೊನೆಯದಾಗಿ ಭಾಷೆಯ ವಿಷಯ. ಕಾರ್ಡಿನ ನಿಯಮ–ಷರತ್ತುಗಳು ಸರಳ ಭಾಷೆಯಲ್ಲಿ, ಸಾಧ್ಯವಾದಷ್ಟೂ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕೆಂದು ಕಾರ್ಡ್ ನಿರ್ದೇಶನ ಹೇಳುತ್ತದೆ. ಕಾರ್ಡು ಮಾರಲು ಬರುವ ಕರೆಗಳು ಅಚ್ಚ ಕನ್ನಡದಲ್ಲೇ ಇರುತ್ತವೆ. ಮಿತಿ ಇಳಿಸಿದ ಸಂದೇಶ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ರಿಸರ್ವ್ ಬ್ಯಾಂಕು ಕರಡು ನಿಯಮಗಳನ್ನು ತನ್ನ ಜಾಲತಾಣದ ‘ಕನೆಕ್ಟ್ 2 ರೆಗ್ಯುಲೇಟ್’ ವಿಭಾಗದಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಕಾರ್ಡುಗಳ ನಿಯಮಕ್ಕೆ ಮುಂದಿನ ಸಲ ತಿದ್ದುಪಡಿ ತರುವಾಗ ಬ್ಯಾಂಕುಗಳ ಸಂಘಗಳು ತಮ್ಮ ಅಭಿಪ್ರಾಯವನ್ನು ತಪ್ಪದೆ ಕಳಿಸುತ್ತವೆ. ಕಾರ್ಡುದಾರರೂ ಕಳಿಸಬೇಕು. ಅದಕ್ಕೆ ಮೊದಲು, ಈ ಪತ್ರದಲ್ಲಿ ಕೇಳಿರುವ ತಿದ್ದುಪಡಿಗಳ ಬಗ್ಗೆ ರಿಸರ್ವ್ ಬ್ಯಾಂಕಿನ ಬೆಂಗಳೂರು ಕಚೇರಿಯ ಪ್ರತಿಕ್ರಿಯೆ ಪಡೆದು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ತೆರಿಗೆ ಸಲಹೆಗಾರ, ಹುಬ್ಬಳ್ಳಿ